ಮಾಜಿ ಸೈನಿಕರ ದನಿ, ಕಾದಂಬರಿಯ ನಿಜ: ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್ ಸಂಗ್ರಹದ ವಿಮರ್ಶೆ

ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಗ್ರಂಥಾಲಯ ನಡೆಸುತ್ತಿರುವ ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್ ಎಂಬ ಸಂಗ್ರಹವನ್ನು ಯಾವ ದೇಶದಲ್ಲಿ ಕುಳಿತವರಾದರೂ ಹಣ ಕೊಡದೆ, ಹೆಸರು ನೋಂದಾಯಿಸದೆ ಅಂತರ್ಜಾಲದಲ್ಲಿ ಬಳಸಬಹುದು. ಮೊದಲ ಮಹಾಯುದ್ಧದಿಂದ ಹಿಡಿದು ಇರಾಕ್, ಅಫ್ಘಾನಿಸ್ತಾನದವರೆಗೆ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದವರು ತಮ್ಮ ಬಾಯಿಂದಲೇ ಹೇಳಿದ ಅನುಭವಗಳು, ಅವರು ಬರೆದ ಪತ್ರಗಳು, ದಿನಚರಿಗಳು, ತೆಗೆದ ಫೋಟೋಗಳು ಅಲ್ಲಿವೆ. ಒಬ್ಬೊಬ್ಬರ ಹೆಸರಿನಲ್ಲಿ ಜೋಡಿಸಿಟ್ಟ ಇಂಥ ಸಂಚಯಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿದೆ. ಯುದ್ಧವೆಂದರೆ ಅದರೊಳಗೆ ನಿಂತವನಿಗೆ ಏನು ಎಂಬುದನ್ನು ಅರಿಯಬಯಸುವವರು ಈ ಸಂಗ್ರಹವನ್ನು ಖಂಡಿತ ಬಳಸಬೇಕು. ಆದರೆ ಇದೊಂದನ್ನೇ ನಂಬಿದರೆ ದಕ್ಕುವುದು ಅರ್ಧ ಮಾತ್ರ. ಯುದ್ಧವನ್ನು ಕಂಡವರೇ ಬರೆದ ಒಂದು ಒಳ್ಳೆಯ ಕಾದಂಬರಿಯನ್ನು ಮೊದಲು ಓದಿ, ಆಮೇಲೆ ಈ ದನಿಗಳಿಗೆ ಕಿವಿಗೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ವಿಮರ್ಶೆಯ ಬಹುಭಾಗ ಅದಕ್ಕೆ ಕಾರಣ ಹೇಳುವುದಕ್ಕೇ ಮೀಸಲಾಗಿದೆ.

ಸಂಗ್ರಹ ಹುಟ್ಟಿದ ಬಗೆ ಸರಳವಾದದ್ದು. ವಿಸ್ಕಾನ್ಸಿನ್ ರಾಜ್ಯದ ಸಂಸದರಾಗಿದ್ದ ರಾನ್ ಕೈಂಡ್ ಅವರು ಮನೆಮಂದಿಯೆಲ್ಲ ಸೇರಿದ್ದ ಒಂದು ಹೊತ್ತಿನಲ್ಲಿ ತಮ್ಮ ತಂದೆಯೂ ಮತ್ತೊಬ್ಬ ಹಿರಿಯ ಬಂಧುವೂ ತಾವು ಕಂಡ ಯುದ್ಧದ ದಿನಗಳನ್ನು ನೆನೆಯುತ್ತಿದ್ದುದನ್ನು ಕೇಳಿ, ತಮ್ಮ ಎಳೆಯ ಮಕ್ಕಳು ದೊಡ್ಡವರಾದ ಮೇಲೆ ಕೇಳಲೆಂದು ಆ ಮಾತುಗಳನ್ನು ವಿಡಿಯೊದಲ್ಲಿ ಹಿಡಿದಿಟ್ಟರು. ದೇಶದ ಎಷ್ಟೋ ಮನೆಗಳಲ್ಲಿ ಇಂಥ ಮಾತು ದಾಖಲಾಗದೆ ಮಣ್ಣಾಗುತ್ತಿದೆ ಎಂಬ ಆತಂಕ ಅಲ್ಲಿಂದ ಸಂಸತ್ತಿಗೆ ಬಂದಿತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು 2000ದ ಅಕ್ಟೋಬರ್ 27ರಂದು ಸಹಿ ಹಾಕಿದಾಗ ಅದು ಕಾನೂನಾಯಿತು. ಇದರ ಹೊಣೆಯನ್ನು ರಕ್ಷಣಾ ಇಲಾಖೆಗೆ ಕೊಡದೆ, ಗ್ರಂಥಾಲಯದೊಳಗಿನ ಅಮೆರಿಕನ್ ಫೋಕ್‌ಲೈಫ್ ಸೆಂಟರ್ ಎಂಬ ಜಾನಪದ ಕೇಂದ್ರಕ್ಕೆ ವಹಿಸಿದ್ದು ಬಹಳ ವಿವೇಕದ ನಿರ್ಧಾರವೆಂದು ನನಗೆ ತೋರುತ್ತದೆ. ಸೇನೆ ತನ್ನ ಇತಿಹಾಸವನ್ನು ತಾನೇ ಬರೆಸಿದಾಗ ದಂಡಯಾತ್ರೆ, ಪದಕ, ಗೆಲುವು ಮುಂದೆ ಬರುತ್ತವೆ. ಜಾನಪದ ಕೇಂದ್ರವು ಸಂಗ್ರಹಿಸಿದಾಗ ಅಡುಗೆಯವನ ಮಾತಿಗೂ ಸೇನಾಧಿಕಾರಿಯ ಮಾತಿಗೂ ಒಂದೇ ಬೆಲೆ ಸಿಗುತ್ತದೆ.

ಕೊಡುವವರಿಗೆ ಇರುವ ನಿಯಮಗಳು ಕೆಲವೇ. ಸಂದರ್ಶನವಾದರೆ ಕತ್ತರಿ ಹಾಕದ, ಕನಿಷ್ಠ 30 ನಿಮಿಷದ ಧ್ವನಿಮುದ್ರಣ ಅಥವಾ ವಿಡಿಯೊ ಇರಬೇಕು; ಬರೆದ ನೆನಪುಗಳಾದರೆ ಕನಿಷ್ಠ 20 ಪುಟ; ಪತ್ರ, ಫೋಟೋಗಳಾದರೆ ಕನಿಷ್ಠ 10 ಮೂಲಪ್ರತಿಗಳು. ಸಂದರ್ಶನ ಮಾಡುವವರು ಸಾಮಾನ್ಯವಾಗಿ ಸ್ವಯಂಸೇವಕರು: ಮೊಮ್ಮಕ್ಕಳು, ಶಾಲೆಯ ವಿದ್ಯಾರ್ಥಿಗಳು, ಊರಿನ ಗ್ರಂಥಾಲಯದವರು. 2016ರ ತಿದ್ದುಪಡಿಯ ನಂತರ, ಸೇವೆಯಲ್ಲಿ ಮಡಿದವರ ತಂದೆ ತಾಯಿ, ಸಂಗಾತಿ, ಒಡಹುಟ್ಟಿದವರು ಮತ್ತು ಮಕ್ಕಳ ಮಾತಿಗೂ ಅಲ್ಲಿ ಜಾಗ ಸಿಕ್ಕಿದೆ.

ಕೇಳುವವರು ಯುದ್ಧದ ಹೆಸರು, ಸೇನೆಯ ವಿಭಾಗ, ಯುದ್ಧಕೈದಿಯಾಗಿದ್ದರೇ ಇಲ್ಲವೇ ಮುಂತಾದ ವಿವರಗಳ ಮೂಲಕ ಹುಡುಕಬಹುದು. ಹೊಸಬರಿಗೆ ಈ ಹುಡುಕಾಟ ತುಸು ದಿಕ್ಕುಗೆಡಿಸುತ್ತದೆ, ಏಕೆಂದರೆ ಒಂದು ಯುದ್ಧದ ಹೆಸರು ಕೊಟ್ಟ ಮಾತ್ರಕ್ಕೆ ಸಾವಿರಾರು ಹೆಸರುಗಳು ಎದುರಾಗುತ್ತವೆ. ಅಂಥವರಿಗೆಂದೇ 'ಎಕ್ಸ್‌ಪೀರಿಯೆನ್ಸಿಂಗ್ ವಾರ್' ಎಂಬ ಹೆಸರಿನಲ್ಲಿ ಶುರುವಾದ ವಿಷಯವಾರು ಸರಣಿಯನ್ನು ಗ್ರಂಥಾಲಯದವರು ಆಯ್ದು ಜೋಡಿಸಿದ್ದಾರೆ. ಮೊದಲ ಸಲ ಬರುವವರು ಅಲ್ಲಿಂದ ಹೊರಡುವುದು ಒಳ್ಳೆಯದು.

ಈ ಸಂಗ್ರಹದ ಅತಿದೊಡ್ಡ ಗುಣವೆಂದರೆ, ಪಠ್ಯಪುಸ್ತಕದ ವಿಭಜನೆಗಳನ್ನು ಅದು ಒಪ್ಪದಿರುವುದು. ಫ್ರಾಂಕ್ ಬಕಲ್ಸ್ ಅವರ ಉದಾಹರಣೆಯನ್ನೇ ನೋಡಬಹುದು. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಅಮೆರಿಕನ್ನರಲ್ಲಿ ಕೊನೆಯವರಾಗಿ ಉಳಿದಿದ್ದ ಅವರು 2011ರ ಫೆಬ್ರವರಿಯಲ್ಲಿ, ತಮ್ಮ 110ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಂದರ್ಶನ ಇಲ್ಲಿದೆ. ಹದಿನಾರರ ಹುಡುಗ ವಯಸ್ಸು ಹೆಚ್ಚು ಹೇಳಿ 1917ರಲ್ಲಿ ಸೇನೆ ಸೇರಿ, ಇಂಗ್ಲೆಂಡ್ ಮತ್ತು ಫ್ರಾನ್ಸುಗಳಲ್ಲಿ ಆಂಬುಲೆನ್ಸ್ ಓಡಿಸಿ, ಕದನ ನಿಂತ ಮೇಲೆ ಜರ್ಮನ್ ಕೈದಿಗಳನ್ನು ಅವರ ನಾಡಿಗೆ ತಲುಪಿಸುವ ಕೆಲಸದಲ್ಲಿದ್ದರು. ಅಲ್ಲಿಗೆ ಅವರ ಯುದ್ಧ ಮುಗಿಯಿತೆಂದು ಇತಿಹಾಸದ ಪುಸ್ತಕ ಹೇಳೀತು. ಆದರೆ ಎರಡನೆಯ ಮಹಾಯುದ್ಧದ ಹೊತ್ತಿಗೆ ಹಡಗು ಕಂಪನಿಯೊಂದರ ನೌಕರರಾಗಿ ಮನಿಲಾದಲ್ಲಿದ್ದ ಅವರು ಜಪಾನೀಯರ ಸೆರೆಗೆ ಸಿಕ್ಕು, ಸಮವಸ್ತ್ರವಿಲ್ಲದ ನಾಗರಿಕರಾಗಿಯೇ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿ ಶಿಬಿರಗಳಲ್ಲಿ ಹಸಿವಿನಿಂದ ನರಳಿದರು. 1945ರ ಫೆಬ್ರವರಿಯಲ್ಲಿ ಲಾಸ್ ಬಾನ್ಯೋಸ್ ಶಿಬಿರದಿಂದ ಬಿಡುಗಡೆಯಾಯಿತು. ಸೈನಿಕನಾಗಿ ಕಂಡದ್ದಕ್ಕಿಂತ ಹೆಚ್ಚಿನ ಕಷ್ಟವನ್ನು ಸೈನಿಕನಲ್ಲದ ಕಾಲದಲ್ಲಿ ಉಂಡ ಒಬ್ಬ ಮನುಷ್ಯನ ಬದುಕು ಯಾವ ಒಂದು ಯುದ್ಧದ ಶೀರ್ಷಿಕೆಯ ಕೆಳಗೂ ಪೂರ್ತಿಯಾಗಿ ಕೂರುವುದಿಲ್ಲ. ಆ ಇಡೀ ಬದುಕನ್ನು ಒಂದೇ ದನಿಯಲ್ಲಿ ಕೇಳಲು ಸಾಧ್ಯವಾಗುವುದು ಇಂಥ ಸಂಗ್ರಹದಲ್ಲಿ.

ಸರ್ಕಾರಿ ದಾಖಲೆಗಳೇ ಇರುವಾಗ ಬಾಯಿಮಾತು ಏಕೆ ಬೇಕು ಎಂದು ಕೇಳುವವರಿದ್ದಾರೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು, ಸುಮಾರು 1.6 ಕೋಟಿಯಿಂದ 1.8 ಕೋಟಿ ಸೇವಾ ಕಡತಗಳು ನಾಶವಾದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಐದರಲ್ಲಿ ನಾಲ್ಕು ಪಾಲು ಹೋಯಿತು. ಅವುಗಳಿಗೆ ನಕಲು ಪ್ರತಿಯೂ ಇರಲಿಲ್ಲ. ಅವರಲ್ಲಿ ಅನೇಕರು ಎಲ್ಲಿದ್ದರು, ಏನು ಮಾಡಿದರು ಎಂಬುದಕ್ಕೆ ಇಂದು ಉಳಿದಿರುವುದು ಮನೆಯ ಟ್ರಂಕಿನೊಳಗಿನ ಕಾಗದಗಳು ಮತ್ತು ಅವರದೇ ನೆನಪು.

ಆದರೆ ನೆನಪು ಎಷ್ಟು ನಂಬಲರ್ಹ? ಈ ಪ್ರಶ್ನೆಯನ್ನು ಸಂಗ್ರಹದವರು ಮುಚ್ಚಿಡುವುದಿಲ್ಲ. ಮಾಜಿ ಸೈನಿಕರು ಹೇಳಿದ್ದನ್ನು ತಾವು ಪರಿಶೀಲಿಸಿ ಪ್ರಮಾಣೀಕರಿಸುವುದಿಲ್ಲ, ಕೊಟ್ಟದ್ದನ್ನು ಕೊಟ್ಟಂತೆಯೇ ಇಟ್ಟಿದ್ದೇವೆ ಎಂಬುದು ಅವರ ನಿಲುವು. ಕೆಲವರಿಗೆ ಇದು ದೋಷವಾಗಿ ಕಾಣಬಹುದು. ನನಗೆ ಇದು ಪ್ರಾಮಾಣಿಕತೆಯಾಗಿ ಕಾಣುತ್ತದೆ, ಮತ್ತು ಈ ಕಾನೂನನ್ನು ಸೆನೆಟ್ಟಿನಲ್ಲಿ ಮಂಡಿಸಿದವರಲ್ಲಿ ಒಬ್ಬರ ಬದುಕೇ ಅದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಜಾರ್ಜಿಯಾದ ಸೆನೆಟರ್ ಮ್ಯಾಕ್ಸ್ ಕ್ಲೀಲೆಂಡ್ ಅವರು ವಿಯೆಟ್ನಾಮಿನ ಖೆ ಸಾನ್ ಬಳಿ 1968ರ ಏಪ್ರಿಲ್ 8ರಂದು ಹೆಲಿಕಾಪ್ಟರಿನಿಂದ ಇಳಿದ ಸ್ವಲ್ಪದರಲ್ಲೇ, ನೆಲದ ಮೇಲೆ ಬಿದ್ದಿದ್ದ ಕೈಬಾಂಬೊಂದನ್ನು ಎತ್ತಿಕೊಳ್ಳಲು ಬಾಗಿದಾಗ ಅದು ಸಿಡಿದು, ಎರಡೂ ಕಾಲು ಮತ್ತು ಬಲಗೈಯನ್ನು ಕಳೆದುಕೊಂಡರು. ಆ ಬಾಂಬು ತನ್ನ ಸೊಂಟದಿಂದಲೇ ಜಾರಿಬಿದ್ದದ್ದು, ತನ್ನ ಅಜಾಗರೂಕತೆಯಿಂದಲೇ ಹೀಗಾಯಿತು ಎಂಬ ಅಪರಾಧಪ್ರಜ್ಞೆಯನ್ನು ಅವರು 31 ವರ್ಷ ಹೊತ್ತು ನಡೆದರು. 1999ರಲ್ಲಿ, ಅಂದು ಅಲ್ಲಿದ್ದ ಇನ್ನೊಬ್ಬ ಸೈನಿಕರು ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಅವರ ಕಥೆಯನ್ನು ಕೇಳಿ ಸಂಪರ್ಕಿಸಿ, ಆ ಬಾಂಬು ಬೇರೊಬ್ಬ ಸೈನಿಕನದು ಎಂದು ತಿಳಿಸಿದರು.

ಈ ಪ್ರಸಂಗದ ಮುಂದೆ ಸ್ವಲ್ಪ ನಿಲ್ಲಬೇಕು. 1998ರಲ್ಲಿ ಯಾರಾದರೂ ಕ್ಲೀಲೆಂಡ್ ಅವರನ್ನು ಸಂದರ್ಶಿಸಿದ್ದರೆ, ಅವರು ಸಂಪೂರ್ಣ ಪ್ರಾಮಾಣಿಕರಾಗಿ, ನಡೆಯದ ಸಂಗತಿಯನ್ನು ಹೇಳುತ್ತಿದ್ದರು. ಅವರ ಮಾತಿನಲ್ಲಿ ವಾಸ್ತವಾಂಶ ತಪ್ಪಾಗಿರುತ್ತಿತ್ತು. ಆದರೆ ಆ ಅಪರಾಧಪ್ರಜ್ಞೆ, ಆ 31 ವರ್ಷಗಳ ರಾತ್ರಿಗಳು, ಅವು ಸುಳ್ಳಾಗಿರಲಿಲ್ಲ. ಯುದ್ಧ ಒಬ್ಬ ಮನುಷ್ಯನಿಗೆ ಏನು ಮಾಡಿತು ಎಂದು ಕೇಳುವವರಿಗೆ ಬಾಂಬು ಯಾರದು ಎಂಬುದರಷ್ಟೇ, ಅದು ತನ್ನದೆಂದು ಆತ ಏಕೆ ನಂಬಿದ ಎಂಬುದೂ ಮುಖ್ಯ. ಮೊದಲನೆಯ ಪ್ರಶ್ನೆಗೆ ಉತ್ತರ ಸಿಗುವುದು ಒಬ್ಬನ ಸಾಕ್ಷ್ಯವನ್ನು ಇನ್ನೊಬ್ಬನ ಸಾಕ್ಷ್ಯದೊಡನೆ ಹೋಲಿಸಿದಾಗ. ಒಂದು ಲಕ್ಷ ದನಿಗಳನ್ನು ಒಂದೆಡೆ ಸೇರಿಸುವುದರ ಪ್ರಯೋಜನವೂ ಅದೇ. ಎರಡನೆಯ ಪ್ರಶ್ನೆಯನ್ನು ಸಂದರ್ಶನದಲ್ಲಿ ಎದುರಿಗೆ ಕುಳಿತ ಹುಡುಗನೊಬ್ಬ ಕೇಳಲಾರ, ಕೇಳಿದರೂ ಹಿರಿಯರು ಉತ್ತರಿಸಲಾರರು. ಕಾದಂಬರಿಯ ಕೆಲಸ ಶುರುವಾಗುವುದು ಅಲ್ಲಿಂದ.

ವಿಯೆಟ್ನಾಂ ಯುದ್ಧದ ದನಿಗಳನ್ನು ಕೇಳಬೇಕೆಂದಿರುವವರು ಮೊದಲು ಟಿಮ್ ಓಬ್ರಿಯನ್ ಅವರ 'ದಿ ಥಿಂಗ್ಸ್ ದೇ ಕ್ಯಾರಿಡ್' ಓದಬೇಕೆಂದು ನಾನು ಹೇಳುತ್ತೇನೆ. ಲೇಖಕರು 1969–70ರಲ್ಲಿ ಕ್ವಾಂಗ್ ನ್ಗಾಯ್ ಪ್ರಾಂತ್ಯದಲ್ಲಿ ಪದಾತಿ ಸೈನಿಕರಾಗಿದ್ದವರು. ಅಮೆರಿಕದ ಸೈನಿಕರು ನಿರಾಯುಧ ಹಳ್ಳಿಗರನ್ನು ಕೊಂದ ಮೈ ಲಾಯ್ ಹತ್ಯಾಕಾಂಡ 1968ರ ಮಾರ್ಚ್ 16ರಂದು ನಡೆದದ್ದು ಅದೇ ಪ್ರಾಂತ್ಯದಲ್ಲಿ, ಲೇಖಕರು ಮುಂದೆ ಸೇರಿದ ಡಿವಿಷನ್ನಿನವರ ಕೈಯಿಂದ. ಪುಸ್ತಕ ಪ್ರಕಟವಾದದ್ದು 1990ರಲ್ಲಿ, ಅಂದರೆ ಸೈನಿಕ ಮನೆಗೆ ಮರಳಿ ಎರಡು ದಶಕ ಕಳೆದ ಮೇಲೆ. ಒಂದಕ್ಕೊಂದು ಹೆಣೆದುಕೊಂಡ ಕಥೆಗಳಾಗಿ ಸಾಗುವ ಅದರ ಮೊದಲ ಕಥೆಯಲ್ಲಿ ಸೈನಿಕರು ಹೊರುವ ವಸ್ತುಗಳ ತೂಕಗಳಿವೆ: ಉಕ್ಕಿನ ಶಿರಸ್ತ್ರಾಣ 5 ಪೌಂಡು, ಬ್ಯಾಟರಿ ಸಮೇತ ರೇಡಿಯೊ 26 ಪೌಂಡು ಅಂದರೆ ಸುಮಾರು 12 ಕಿಲೊ, ಗುಂಡು ತುಂಬದ ಮೆಷಿನ್ ಗನ್ 23 ಪೌಂಡು, ಒಬ್ಬ ಹುಡುಗಿ ಬರೆದ ಪತ್ರಗಳು 10 ಔನ್ಸ್. ಉಗ್ರಾಣದ ಲೆಕ್ಕದಂತೆ ಸಾಗುವ ಈ ಪಟ್ಟಿಯಲ್ಲಿ ತೂಗಿದ ವಸ್ತುಗಳ ನಡುವೆ ತೂಗಲಾಗದವು ಮೆಲ್ಲನೆ ಸೇರಿಕೊಳ್ಳುತ್ತವೆ: ಭಯ, ನಾಚಿಕೆ, ಸತ್ತ ಗೆಳೆಯನ ನೆನಪು. ಓದಿ ಮುಗಿಸಿದವರಿಗೆ ಸೈನಿಕನೊಬ್ಬ ತನ್ನ ಬೆನ್ನುಚೀಲದ ಬಗ್ಗೆ ಆಡುವ ಮಾತು ಬರಿಯ ಬೆನ್ನುಚೀಲದ ಮಾತಾಗಿ ಕೇಳಿಸುವುದಿಲ್ಲ.

ಇದು ಸಂಗ್ರಹವನ್ನು ಬಳಸುವಾಗ ನೇರವಾಗಿ ನೆರವಿಗೆ ಬರುತ್ತದೆ. ಸ್ವಯಂಸೇವಕರಿಗೆಂದು ಗ್ರಂಥಾಲಯ ಕೊಡುವ ಪ್ರಶ್ನೆಗಳ ಪಟ್ಟಿಯಲ್ಲಿ, ಮನೆಯವರೊಡನೆ ಸಂಪರ್ಕ ಹೇಗಿತ್ತು, ಊಟ ಹೇಗಿತ್ತು, ಬಿಡುವಿನಲ್ಲಿ ಏನು ಮಾಡುತ್ತಿದ್ದಿರಿ, ಅದೃಷ್ಟಕ್ಕೆಂದು ಏನಾದರೂ ಇಟ್ಟುಕೊಂಡಿದ್ದಿರೇ ಎಂಬಂಥ ಪ್ರಶ್ನೆಗಳಿವೆ. ಕಾದಂಬರಿಯನ್ನು ಓದದೆ ಬಂದವರು ಇವನ್ನು ಸೌಜನ್ಯದ ಪ್ರಶ್ನೆಗಳೆಂದು ದಾಟಿಬಿಡಬಹುದು. ಆದರೆ ಆ ಪುಸ್ತಕದಲ್ಲಿ ಒಬ್ಬ ಮೊಲದ ಕಾಲನ್ನು, ಇನ್ನೊಬ್ಬ ತಂದೆ ಕೊಟ್ಟ ಬೈಬಲನ್ನು ಹೊತ್ತು ನಡೆಯುವುದನ್ನು, ಮತ್ತೊಬ್ಬ ತನ್ನ ಪ್ರೇಯಸಿಯ ಕಾಲುಚೀಲಗಳನ್ನು ಕೊರಳಿಗೆ ಸುತ್ತಿಕೊಂಡು ಹೊರಡುವುದನ್ನು ಕಂಡವರಿಗೆ, ಅದೃಷ್ಟದ ಪ್ರಶ್ನೆಯೇ ಇಡೀ ಸಂದರ್ಶನದಲ್ಲಿ ಸಾವಿನ ಭಯದ ಬಗ್ಗೆ ಕೇಳಿದ ನೇರವಾದ ಪ್ರಶ್ನೆ ಎಂಬುದು ಅರಿವಾಗುತ್ತದೆ. ಸೈನಿಕರ ನೆನಪುಗಳಲ್ಲಿ ತರಬೇತಿಯ ದಿನಗಳಿಗೆ, ಹಡಗಿನ ಪ್ರಯಾಣಕ್ಕೆ, ಡಬ್ಬಿಯ ಊಟಕ್ಕೆ ಬಹಳ ಜಾಗವಿರುತ್ತದೆ. ಕಾಳಗ ಮಾತ್ರ ಎಷ್ಟೋ ಸಲ ಒಂದೆರಡು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆ ಒಂದೆರಡು ವಾಕ್ಯಗಳ ಅಕ್ಕಪಕ್ಕದ ಮೌನವನ್ನು ಕೇಳಿಸಿಕೊಳ್ಳುವ ಕಿವಿಯನ್ನು ಕಾದಂಬರಿ ತಯಾರು ಮಾಡುತ್ತದೆ.

ಓಬ್ರಿಯನ್ ಅವರ ಪುಸ್ತಕದಲ್ಲಿ ಕಥೆ ಹೇಳುವವನ ಹೆಸರೂ ಟಿಮ್ ಓಬ್ರಿಯನ್ ಎಂದೇ ಇದೆ. ಆದರೆ ಕಥೆಯೊಳಗಿನವನಿಗೆ ಒಬ್ಬ ಎಳೆಯ ಮಗಳಿದ್ದಾಳೆ. ಲೇಖಕರಿಗೆ ಆಗ ಮಕ್ಕಳಿರಲಿಲ್ಲ. ಕಥೆಯೊಳಗಿನವನು ಸೇನೆಯ ಕರೆಯೋಲೆ ಬಂದಾಗ ಕೆನಡಾದ ಗಡಿಯ ನದಿಯವರೆಗೆ ಓಡಿ, ವೃದ್ಧನೊಬ್ಬನ ವಸತಿಗೃಹದಲ್ಲಿ ಕೆಲವು ದಿನ ಉಳಿದು, ಗಡಿ ದಾಟುವ ಧೈರ್ಯ ಸಾಲದೆ ಹಿಂತಿರುಗಿ ಯುದ್ಧಕ್ಕೆ ಹೋಗುತ್ತಾನೆ. ಇದೂ ನಡೆದದ್ದಲ್ಲವೆಂದು ಲೇಖಕರೇ ಸಾರ್ವಜನಿಕ ಉಪನ್ಯಾಸದಲ್ಲಿ ಹೇಳಿದ್ದಾರೆ. ಆ ಬೇಸಿಗೆಯಲ್ಲಿ ಅವರು ತಮ್ಮ ಊರಿನಲ್ಲೇ ಇದ್ದು, ಒಳಗೊಳಗೇ ಕೊರಗುತ್ತಿದ್ದರು. ಮನಸ್ಸಿನಲ್ಲಿ ನಡೆದ ಆ ತಳಮಳವನ್ನು ಓದುಗರು ತಮ್ಮದೇ ಎಂಬಂತೆ ಅನುಭವಿಸಲೆಂದು ಅವರು ಒಂದು ನದಿಯನ್ನು, ಒಂದು ದೋಣಿಯನ್ನು, ಒಬ್ಬ ಮೌನಿ ವೃದ್ಧನನ್ನು ಕಟ್ಟಿದರು. ಸಂದರ್ಶನದಲ್ಲಾದರೆ ಇದೇ ಸಂಗತಿ, ನನಗೆ ಹೋಗಲು ಮನಸ್ಸಿರಲಿಲ್ಲ, ಆದರೂ ಹೋದೆ ಎಂಬ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆ ಮಾತೂ ಸತ್ಯವೇ, ಆದರೆ ಕೇಳಿದವರಿಗೆ ಅದರ ಭಾರ ತಿಳಿಯುವುದಿಲ್ಲ.

ಅದೇ ಪುಸ್ತಕದ ಇನ್ನೊಂದು ಭಾಗದಲ್ಲಿ ನಾರ್ಮನ್ ಬೌಕರ್ ಎಂಬ ಪಾತ್ರ, ಯುದ್ಧದಿಂದ ಮರಳಿದ ಮೇಲೆ ಹಬ್ಬದ ದಿನ ತನ್ನ ತಂದೆಯ ಕಾರಿನಲ್ಲಿ ಊರಿನ ಕೆರೆಯ ಸುತ್ತ ಮತ್ತೆ ಮತ್ತೆ ಸುತ್ತುತ್ತಾನೆ. ಕೆಸರಿನಲ್ಲಿ ಮುಳುಗುತ್ತಿದ್ದ ಗೆಳೆಯ ಕಿಯೋವನನ್ನು ಉಳಿಸಲಾಗಲಿಲ್ಲ ಎಂಬುದನ್ನು ಯಾರಿಗಾದರೂ ಹೇಳಬೇಕೆಂಬ ಆಸೆ ಅವನದು. ಕೇಳುವವರು ಯಾರೂ ಇಲ್ಲ. ಅದರ ಮುಂದಿನ ಭಾಗದಲ್ಲಿ, ಬೌಕರ್ ತನ್ನೂರಿನಲ್ಲಿ ನೇಣು ಹಾಕಿಕೊಂಡನೆಂದೂ, ಆ ರಾತ್ರಿಯ ಸೋಲು ಅವನದಾಗಿರದೆ ತನ್ನದೇ ಆಗಿತ್ತೆಂದೂ ಕಥೆ ಹೇಳುವವನು ಬರೆಯುತ್ತಾನೆ. ತಪ್ಪಿನ ಹೊರೆ ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಸರಿಯುವ ಈ ಬಗೆಯನ್ನು ಕ್ಲೀಲೆಂಡ್ ಅವರ ಬದುಕಿನ ಪಕ್ಕದಲ್ಲಿಟ್ಟು ನೋಡಿದರೆ, ಕಾದಂಬರಿಕಾರ ಯಾವುದನ್ನೂ ಅತಿಯಾಗಿ ಹೇಳಿಲ್ಲ ಎಂಬುದು ಮನವರಿಕೆಯಾಗುತ್ತದೆ. ಬದುಕಿ ಉಳಿದವರು ಸತ್ತವರ ಲೆಕ್ಕವನ್ನು ತಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಹೆಸರು ಮತ್ತು ಸ್ಥಾನ ಸಿಕ್ಕಿದ್ದು 1980ರಲ್ಲಿ, ಅಂದರೆ ವಿಯೆಟ್ನಾಂ ಯುದ್ಧ ಮುಗಿದು ಐದು ವರ್ಷಗಳ ಮೇಲೆ. ಅಲ್ಲಿಯವರೆಗೆ ಅವರು ತಮ್ಮ ಸಂಕಟವನ್ನು ಏನೆಂದು ಹೇಳಿಕೊಳ್ಳಬೇಕಿತ್ತು?

ಸೈನಿಕರು ತಮ್ಮ ಕಥೆಯನ್ನು ಬೇರೊಬ್ಬನ ಕಥೆಯಾಗಿ ಹೇಳುವುದು ಬರಹಗಾರರು ಕಂಡುಹಿಡಿದ ತಂತ್ರವೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ ಬಳಿಯ ವುನ್ಸ್‌ಡೋರ್ಫ್ ಶಿಬಿರದಲ್ಲಿ ಸೆರೆಯಾಗಿದ್ದ ಭಾರತೀಯ ಸೈನಿಕರ ದನಿಗಳನ್ನು ಜರ್ಮನ್ ವಿದ್ವಾಂಸರು ಭಾಷಾಧ್ಯಯನಕ್ಕೆಂದು ಮುದ್ರಿಸಿಕೊಂಡಿದ್ದರು. ಅವು ಈಗ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಪಂಜಾಬಿನ ಮಲ್ ಸಿಂಗ್ ಎಂಬ ಸೈನಿಕ 1916ರ ಡಿಸೆಂಬರ್ 11ರಂದು ಆ ಯಂತ್ರದ ಮುಂದೆ ನಿಂತು, ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ ಒಬ್ಬ ಮನುಷ್ಯನಿದ್ದ ಎಂದು ಶುರುಮಾಡಿ, ಆ ಮನುಷ್ಯ ಯುರೋಪಿನ ಯುದ್ಧಕ್ಕೆ ಬಂದ, ಜರ್ಮನರ ಸೆರೆಗೆ ಸಿಕ್ಕ, ಈಗ ತನ್ನ ನಾಡಿಗೆ ಮರಳಬೇಕೆಂದು ಹಂಬಲಿಸುತ್ತಿದ್ದಾನೆ ಎಂದು ಹೇಳುತ್ತಾನೆ. ನಾನು ಎಂದು ಹೇಳಿದ್ದರೆ ತಡೆದುಕೊಳ್ಳಲಾಗದ ದುಃಖವನ್ನು ಒಬ್ಬ ಮನುಷ್ಯನಿದ್ದ ಎಂಬ ಕಥೆಯ ಚೌಕಟ್ಟಿನೊಳಗೆ ಇಟ್ಟು ಆತ ದಾಟಿಸುತ್ತಾನೆ. ಸಾಕ್ಷ್ಯಕ್ಕೂ ಕಥನಕ್ಕೂ ನಡುವೆ ನಾವು ಎಳೆಯುವ ಗೆರೆಯನ್ನು ಈ ಒಂದೆರಡು ನಿಮಿಷದ ಮಾತು ಒಪ್ಪುವುದಿಲ್ಲ.

ಇನ್ನು ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟಿನ ಮಿತಿಗಳು. ಎಲ್ಲಕ್ಕಿಂತ ಗಂಭೀರವಾದದ್ದು ಕಾನೂನಿನಲ್ಲೇ ಇದೆ: ಇದು ಅಮೆರಿಕದ ಕಡೆಯವರ ದನಿ ಮಾತ್ರ. ವಿಯೆಟ್ನಾಮಿನ ಕಾಡಿನಲ್ಲಿ ಎದುರು ಬದಿಯಲ್ಲಿ ನಿಂತಿದ್ದ, ಅದೇ ವಯಸ್ಸಿನ, ಅದೇ ಮಳೆಯಲ್ಲಿ ನೆನೆದ ಹುಡುಗರು ಇಲ್ಲಿ ಮಾತನಾಡುವುದಿಲ್ಲ. ಗಂಟೆಗಟ್ಟಲೆ ಕೇಳುತ್ತಾ ಹೋದಂತೆ, ಇಡೀ ಯುದ್ಧ ಕಾಣದ ಶತ್ರುವಿನ ವಿರುದ್ಧ ನಡೆಯಿತೇನೋ ಎಂಬ ಭಾವನೆ ಕೇಳುಗರಲ್ಲಿ ಬೇರೂರುವ ಅಪಾಯವಿದೆ. ಇದನ್ನು ಸರಿದೂಗಿಸಲು ಬಾವೊ ನಿನ್ ಅವರ ಕಾದಂಬರಿಯನ್ನು ಓದಲೇಬೇಕು. ಇಂಗ್ಲಿಷಿನಲ್ಲಿ ಅದರ ಹೆಸರು 'ದಿ ಸಾರೋ ಆಫ್ ವಾರ್'. 1952ರಲ್ಲಿ ಹುಟ್ಟಿದ ಲೇಖಕರು 1969ರಲ್ಲಿ ಉತ್ತರ ವಿಯೆಟ್ನಾಮಿನ ಸೇನೆಯ ಯುವ ದಳವೊಂದರಲ್ಲಿ ಯುದ್ಧಕ್ಕೆ ಹೋದವರು. ಆ ದಳದ 500 ಮಂದಿಯಲ್ಲಿ ಬದುಕುಳಿದ 10 ಮಂದಿಯಲ್ಲಿ ಅವರೊಬ್ಬರು ಎಂದು ಪುಸ್ತಕದ ಪರಿಚಯ ಹೇಳುತ್ತದೆ. ಕಾದಂಬರಿಯ ನಾಯಕ ಕಿಯೆನ್ ಯುದ್ಧ ಮುಗಿದ ಮೇಲೆ, ಕಾಡಿನಲ್ಲಿ ಕಾಣೆಯಾದ ಸೈನಿಕರ ಅಸ್ಥಿಗಳನ್ನು ಆಯ್ದು ತರುವ ತಂಡದಲ್ಲಿ ಕೆಲಸ ಮಾಡುತ್ತಾನೆ. ಗೆದ್ದ ಪಕ್ಷದ ಸೈನಿಕ ಅವನು. ಆದರೆ ಆ ಪುಟಗಳಲ್ಲಿ ಗೆಲುವಿನ ಸುಳಿವೂ ಇಲ್ಲ. ಓಬ್ರಿಯನ್ ಅವರ ಪುಸ್ತಕದಂತೆ ಇದೂ 1990ರ ಸುಮಾರಿಗೆ ಪ್ರಕಟವಾಯಿತು, ಇದರಲ್ಲೂ ಕಾಲ ಹಿಂದೆ ಮುಂದೆ ಸರಿಯುತ್ತದೆ, ಇದರಲ್ಲೂ ಒಬ್ಬ ಮಾಜಿ ಸೈನಿಕ ಬರೆಯದೆ ಇರಲಾರದೆ ಬರೆಯುತ್ತಾನೆ. ಎರಡು ಸೇನೆಗಳ ಇಬ್ಬರು ಒಬ್ಬರನ್ನೊಬ್ಬರು ಅರಿಯದೆ ಒಂದೇ ಬಗೆಯ ಒಡೆದ ಕಥನವನ್ನು ಕಟ್ಟಿದ್ದಾರೆಂದರೆ, ಆ ಒಡಕು ಶೈಲಿಯ ಆಯ್ಕೆಯಷ್ಟೇ ಆಗಿರಲಾರದು.

ನಮ್ಮವರಿಗೂ ಈ ಮಿತಿ ತಟ್ಟುತ್ತದೆ. ಕೊರಿಯಾ ಯುದ್ಧದ ಕದನವಿರಾಮ 1953ರ ಜುಲೈ 27ರಂದು ಜಾರಿಗೆ ಬಂದಾಗ, ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳ ಹಾಗೂ ಎದುರು ಬದಿಯ ಕೆಲವು ನೂರು ಕೈದಿಗಳ ಭವಿಷ್ಯ ನಿರ್ಧರಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ಕೊಡಗಿನ ಕೆ. ಎಸ್. ತಿಮ್ಮಯ್ಯನವರು, ಕೈದಿಗಳನ್ನು ಕಾದವರು ಭಾರತದ ಸೈನಿಕರು. ಈ ಸಂಗ್ರಹದಲ್ಲಿ ಕೊರಿಯಾ ಯುದ್ಧದ ಅಮೆರಿಕನ್ ಸೈನಿಕರ, ಯುದ್ಧಕೈದಿಗಳ ಮಾತುಗಳನ್ನು ಕೇಳಬಹುದು. ಆ ಮುಳ್ಳುತಂತಿಯ ಪಕ್ಕದಲ್ಲಿ ಚಳಿಗಾಲ ಕಳೆದ ಭಾರತದ ಜವಾನರಿಗೆ ಇಲ್ಲಿ ಜಾಗವಿಲ್ಲ, ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಬೆಳೆದ ಸನ್ನಿ ಸೈಡ್ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಕಾಣುವುದು ದಂಡನಾಯಕನ ಬದುಕು. ಅವರ ಕೈಕೆಳಗೆ ನಿಂತ ಸಾಮಾನ್ಯ ಜವಾನನ ದನಿಯನ್ನು ಅಷ್ಟೇ ಶ್ರದ್ಧೆಯಿಂದ ಕೇಳಿಸುವ ವ್ಯವಸ್ಥೆ ಬಂದರೆ ಎಷ್ಟು ಚೆನ್ನ ಎಂಬ ಆಸೆ ನನ್ನದು.

ಉಳಿದ ತೊಡಕುಗಳು ಬಳಕೆಗೆ ಸಂಬಂಧಿಸಿದವು. ಸಂಗ್ರಹದ ಒಂದು ಭಾಗ ಮಾತ್ರ ಅಂತರ್ಜಾಲದಲ್ಲಿದೆ. ಉಳಿದದ್ದನ್ನು ಮುಂಚಿತವಾಗಿ ತಿಳಿಸಿ ವಾಷಿಂಗ್ಟನ್ನಿನ ವಾಚನಾಲಯದಲ್ಲೇ ನೋಡಬೇಕು. ಎಲ್ಲ ಸಂದರ್ಶನಗಳಿಗೂ ಲಿಖಿತ ರೂಪವಿಲ್ಲ, ಮತ್ತು ಕನ್ನಡದ ಓದುಗರಿಗೆ ಇದು ದೊಡ್ಡ ಕೊರತೆಯೇ ಸರಿ: ಅಮೆರಿಕದ ದಕ್ಷಿಣದ ಹಳ್ಳಿಯ ಎಂಬತ್ತರ ವೃದ್ಧರೊಬ್ಬರು ಹಲ್ಲಿಲ್ಲದ ಬಾಯಲ್ಲಿ ಸೇನೆಯ ಸಂಕ್ಷಿಪ್ತ ಹೆಸರುಗಳನ್ನು ಬೆರೆಸಿ ಆಡುವ ಇಂಗ್ಲಿಷನ್ನು ಮೊದಲ ಕೇಳುವಿಕೆಯಲ್ಲಿ ಹಿಡಿಯುವುದು ಕಷ್ಟ. ಲಿಖಿತ ರೂಪವಿರುವ ಸಂದರ್ಶನಗಳನ್ನು ಮೊದಲು ಆರಿಸಿಕೊಂಡು, ಓದುತ್ತಾ ಕೇಳಿದರೆ ಕಿವಿ ಪಳಗುತ್ತದೆ. ಧ್ವನಿಯ ಗುಣಮಟ್ಟ ಒಂದೇ ಸಮನಾಗಿಲ್ಲ. ಸಂದರ್ಶಕರೆಲ್ಲರೂ ನುರಿತವರಲ್ಲವಾದ್ದರಿಂದ, ಹೇಳುವವರ ಗಂಟಲು ಕಟ್ಟಿ ಮಾತು ನಿಂತ ಕ್ಷಣದಲ್ಲಿ ಮುಂದಿನ ಪ್ರಶ್ನೆಗೆ ಹಾರಿಬಿಡುವ ಅಪಾಯ ಇಂಥ ಕೆಲಸದಲ್ಲಿ ಇದ್ದೇ ಇರುತ್ತದೆ. ಆದರೆ ಕೇಳುತ್ತಿರುವುದು ಮೊಮ್ಮಗಳೆಂದಾದಾಗ ಆ ಹಾರುವಿಕೆಯೂ ಅರ್ಥಪೂರ್ಣವೇ: ಅಜ್ಜ ಆಕೆಗೆ ಏನನ್ನು ಹೇಳಲಿಲ್ಲ, ಆಕೆ ಏನನ್ನು ಕೇಳಲು ಹೆದರಿದಳು ಎಂಬುದೂ ಅಲ್ಲಿ ದಾಖಲಾಗಿರುತ್ತದೆ.

ಕತ್ತರಿ ಹಾಕಬಾರದೆಂಬ ನಿಯಮದ ಬೆಲೆ ನನಗೆ ಹೆಚ್ಚು ಅರಿವಾಗುವುದು ಇಲ್ಲಿ. ಸಾಕ್ಷ್ಯಚಿತ್ರಗಳಲ್ಲಿ ಮಾಜಿ ಸೈನಿಕರ ಮಾತು ಅರ್ಧ ನಿಮಿಷದ ತುಣುಕಾಗಿ, ಹಿನ್ನೆಲೆ ಸಂಗೀತದೊಡನೆ ಬರುತ್ತದೆ. ಅವರ ಕಣ್ಣು ತುಂಬಿದ ಕ್ಷಣವನ್ನೇ ಆರಿಸಿಕೊಳ್ಳಲಾಗಿರುತ್ತದೆ. ಇಲ್ಲಿ ಹಾಗಿಲ್ಲ. ಬೇಸರದ ಭಾಗಗಳಿವೆ, ಹೆಸರು ನೆನಪಾಗದೆ ತಡಕಾಡುವುದಿದೆ, ಒಂದೇ ಸಂಗತಿಯನ್ನು ಎರಡು ಸಲ ಎರಡು ರೀತಿಯಲ್ಲಿ ಹೇಳುವುದಿದೆ. ಯುದ್ಧದ ಬಹುಪಾಲು ಕಾಯುವುದರಲ್ಲೇ ಕಳೆಯುತ್ತದೆ ಎಂದು ಸೈನಿಕರು ಹೇಳುವ ಮಾತಿನ ಅರ್ಥ ಅಂಥ ಉದ್ದನೆಯ ಸಂದರ್ಶನವೊಂದನ್ನು ಪೂರ್ತಿಯಾಗಿ ಕೇಳಿದಾಗ ಮೈಗೆ ಹತ್ತುತ್ತದೆ.

ಶುರುಮಾಡುವವರಿಗೆ ನನ್ನ ಸಲಹೆ ಇಷ್ಟು. ಒಂದು ಯುದ್ಧವನ್ನು ಮಾತ್ರ ಆರಿಸಿಕೊಳ್ಳಿ. ವಿಯೆಟ್ನಾಂ ಆದರೆ ಓಬ್ರಿಯನ್ ಅವರನ್ನೂ ಬಾವೊ ನಿನ್ ಅವರನ್ನೂ ಓದಿ, ಅನಂತರ ವಿಷಯವಾರು ಸರಣಿಯಲ್ಲಿ ಒಬ್ಬ ಪದಾತಿ ಸೈನಿಕರು, ಒಬ್ಬ ದಾದಿ ಮತ್ತು ಮುಂಚೂಣಿಗೆ ಹೋಗದೆ ಉಗ್ರಾಣ ಅಥವಾ ಕಚೇರಿಯಲ್ಲಿ ಕೆಲಸ ಮಾಡಿದ ಒಬ್ಬರ ಸಂದರ್ಶನವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ. ಯುದ್ಧಕ್ಕೆ ಹೋದವರಲ್ಲಿ ಹೆಚ್ಚಿನವರು ಬಂದೂಕು ಹಾರಿಸಿದವರಲ್ಲ. ಕಾದಂಬರಿಗಳು ಅವರತ್ತ ನೋಡುವುದು ಕಡಿಮೆ, ಈ ಸಂಗ್ರಹದಲ್ಲಿ ಅವರು ಧಾರಾಳವಾಗಿ ಸಿಗುತ್ತಾರೆ. ಹೇಳಿದ ದಿನಾಂಕಗಳನ್ನು ಇತಿಹಾಸದ ಪುಸ್ತಕದೊಡನೆ ತಾಳೆ ನೋಡಿ, ತಪ್ಪಿದ್ದರೆ ಅದನ್ನು ಗುರುತುಹಾಕಿಕೊಳ್ಳಿ, ಆದರೆ ತಪ್ಪಿದೆಯೆಂದು ಕೇಳುವುದನ್ನು ನಿಲ್ಲಿಸಬೇಡಿ.

ಮನೆಯಲ್ಲಿ ಅಥವಾ ನೆರೆಯಲ್ಲಿ ಮಾಜಿ ಸೈನಿಕರಿರುವವರಿಗೆ ಇನ್ನೊಂದು ಉಪಯೋಗವೂ ಇದೆ. ಸಂದರ್ಶಕರಿಗೆಂದು ಸಿದ್ಧಪಡಿಸಿದ ಕೈಪಿಡಿ ಮತ್ತು ಪ್ರಶ್ನೆಗಳ ಪಟ್ಟಿ ಉಚಿತವಾಗಿ ಸಿಗುತ್ತವೆ. ಅವನ್ನು ಕನ್ನಡಕ್ಕೆ ತಂದುಕೊಂಡು, 1965ರ ಅಥವಾ 1971ರ ಯುದ್ಧ ಕಂಡ ಹಿರಿಯರ ಮುಂದೆ ಮೊಬೈಲನ್ನು ಇಟ್ಟು ಕುಳಿತರೆ, ಒಂದು ಮಧ್ಯಾಹ್ನದಲ್ಲಿ ಕೆಲಸ ಶುರುವಾಗುತ್ತದೆ. ಗ್ರಂಥಾಲಯದವರು ಹೇಳುವಂತೆ 30 ನಿಮಿಷಕ್ಕೆ ಕಡಿಮೆಯಾಗದಿರಲಿ, ಫ್ಯಾನಿನ ಸದ್ದಿಲ್ಲದ ಕೋಣೆಯಾಗಲಿ, ಮೊದಲ ಪ್ರಶ್ನೆ ಊರು ಬಿಟ್ಟ ದಿನದ್ದಾಗಲಿ, ಊಟದ್ದಾಗಲಿ. ಕಾಳಗದ ಪ್ರಶ್ನೆಯನ್ನು ಅವರಾಗಿ ಆ ಕಡೆ ತಿರುಗುವವರೆಗೆ ಕೇಳದಿರುವುದು ಒಳ್ಳೆಯದು. ಮುದ್ರಿಸಿದ್ದರ ಇನ್ನೊಂದು ಪ್ರತಿಯನ್ನು ಅಂದೇ ಬೇರೆ ಕಡೆ ಉಳಿಸಿಡಿ.